ಹಸಿರು ಶಾಯಿಯ ಗೀಟು

ಜಾಸಿಂತ್ ಸತ್ತ ಸುದ್ದಿ ಅವನ ತಾಯಿಗಿಂತ ಮೊದಲು ನನಗೆ ತಿಳಿಯಿತು. ಅಂದು ಶನಿವಾರ. ಮಡಗಾಂವಿನ ನಮ್ಮ ಕಚೇರಿಯಲ್ಲಿ ಬೆಳಗಿನ ಚಹಾ ಇನ್ನೂ ಲೋಟದಲ್ಲಿಯೇ ಇತ್ತು. ಮುಂಬಯಿಯಿಂದ ಹಡಗು ಕಂಪನಿಯವರು ಫೋನ್ ಮಾಡಿದರು. ಏಣಿಯ ಮೇಲೆ ನಿಂತು ಬಣ್ಣ ಬಳಿಯುತ್ತಿದ್ದಾಗ ಹುಡುಗನ ಕೈಕಾಲು ಸೆಟೆದುಕೊಂಡವಂತೆ. ಕೆಳಗೆ ಬಿದ್ದವನು ಏಳಲಿಲ್ಲವಂತೆ.

"ಮೊದಲೇ ಏನಾದ್ರೂ ಕಾಯಿಲೆ ಇತ್ತಾ? ನೀವು ಕಳಿಸಿದ ಕಾಗದದಲ್ಲಿ ಇಲ್ಲ ಅಂತ ಇದೆ."

"ನೋಡಿ ಹೇಳ್ತೀನಿ," ಎಂದೆ. ನೋಡುವುದೇನೂ ಇರಲಿಲ್ಲ. ಫೋನ್ ಇಟ್ಟ ಮೇಲೂ ನನ್ನ ಕೈ ಅದರ ಮೇಲೆಯೇ ಇತ್ತು, ತೆಗೆಯಲು ಹೆದರಿಕೆಯಾಯಿತು.

ನಾನು ಮೂವತ್ತೊಂದು ವರ್ಷ ಹಡಗುಗಳಿಗೆ ಜನರನ್ನು ಹುಡುಕಿಕೊಟ್ಟವನು. ಉಳಿದ ಏಜೆಂಟರು ಕುರ್ಚಿಯಲ್ಲಿ ಕೂತು ಕಾಗದಪತ್ರ ನೋಡುತ್ತಿದ್ದರು. ನಾನು ಮನೆಗಳಿಗೆ ಹೋಗುತ್ತಿದ್ದೆ. ಅಡುಗೆಮನೆಯ ಮಣೆಯ ಮೇಲೆ ಕೂತು, ಒಣಸಿಗಡಿಯ ಜೊತೆ ಗಂಜಿ ಕುಡಿಯದೆ ಯಾರ ಹೆಸರನ್ನೂ ಬರೆದುಕೊಂಡವನಲ್ಲ. ಯಾರಿಗೆ ಸಿಟ್ಟು ಬೇಗ, ಯಾರಿಗೆ ಮನೆಯ ನೆನಪು ಹೆಚ್ಚು, ಯಾರು ಕುಡಿಯುತ್ತಾರೆ, ಎಲ್ಲ ನನಗೆ ತಿಳಿದಿರುತ್ತಿತ್ತು. ಹುಡುಗರು ನನ್ನನ್ನು ತಿತಿವ್ ಎಂದು, ಸ್ವಂತ ಚಿಕ್ಕಪ್ಪನನ್ನು ಕರೆಯುವ ಹಾಗೆ ಕರೆಯುತ್ತಿದ್ದರು. ಪಾದ್ರಿಗೆ ಹೇಳದ್ದನ್ನು ನನಗೆ ಹೇಳುತ್ತಿದ್ದರು. ಅದು ನನ್ನ ಹೆಮ್ಮೆಯಾಗಿತ್ತು.

ಆಸೊಳ್ಣಾ ಊರಿನ ಜಾಸಿಂತ್ ನನಗೆ ಹೇಳಿದ್ದು ಹೊಳೆಯ ದಂಡೆಯಲ್ಲಿ, ಕಾಗದ ತುಂಬುವ ಹಿಂದಿನ ದಿನ.

"ತಿತಿವ್, ಒಂದು ಮಾತು. ಬೈಬೇಡ."

"ಹುಡುಗಿ ವಿಷಯಾನಾ?"

"ಈ ಮುಖಕ್ಕೆ ಹುಡುಗಿ ಬೇರೆ!" ಎಂದು ನಕ್ಕ. ಆಮೇಲೆ ಹೊಳೆಯನ್ನು ನೋಡುತ್ತ ಹೇಳಿದ: "ಹೋದ ವರ್ಷ ಫುಟ್‌ಬಾಲ್ ಆಡ್ತಾ ಇದ್ದಾಗ ಬಿದ್ಬಿಟ್ಟೆ. ಫಿಟ್ಸು. ಚಿಕ್ಕೋನಿದ್ದಾಗ ಒಂದ್ಸಲ ಬಂದಿತ್ತು, ಅದು ಅಮ್ಮನಿಗೆ ಗೊತ್ತು. ಇದು ಅಮ್ಮನಿಗೂ ಗೊತ್ತಿಲ್ಲ."

"ಎರಡೇ ಸಲ ತಾನೇ?"

"ಎರಡೇ."

"ಹಾಗಾದ್ರೆ ಅದನ್ನ ಈ ಹೊಳೆಗೆ ಹಾಕಿ ಮನೆಗೆ ಹೋಗು. ಬರೆದ್ರೆ ನಿನ್ನನ್ನ ಹಡಗಿರಲಿ, ದೋಣೀಲೂ ಕೂರಿಸಲ್ಲ."

"ಅಲ್ಲಿ ಬಂದ್ಬಿಟ್ರೆ?"

"ಬರಲ್ಲ. ನಾನು ಹೇಳ್ತಿದೀನಲ್ಲ."

ಅವನು ನಂಬಿದ. ನಾನೂ ನಂಬಿದೆ. ಅವನಿಗೆ ಒಳ್ಳೆಯದಾಗಲಿ ಎಂಬುದನ್ನು ಬಿಟ್ಟು ಬೇರೆ ಆಸೆ ಆ ಹೊತ್ತು ನನ್ನಲ್ಲಿರಲಿಲ್ಲ. ಇದನ್ನು ದೇವರ ಮುಂದೆಯೂ ಹೇಳಬಲ್ಲೆ. ಆದರೆ ಇದು ಸಾಲದು ಎಂಬುದು ಈಗ ಗೊತ್ತು.

ಆ ಆರೋಗ್ಯದ ಕಾಗದದಲ್ಲಿ ಇಪ್ಪತ್ತಾರು ಪ್ರಶ್ನೆಗಳು. ಪ್ರತಿಯೊಂದರ ಎದುರಿಗೂ 'ಹೌದು', 'ಇಲ್ಲ' ಎಂಬ ಎರಡು ಮನೆ. ನಮ್ಮ ಕಸುಬಿನಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ. ಮೊದಲನೆಯ 'ಇಲ್ಲ'ದ ಮೇಲೆ ಪೆನ್ನು ಊರಿ ಕೊನೆಯ 'ಇಲ್ಲ'ದವರೆಗೆ ಒಂದೇ ಗೀಟು ಎಳೆಯುತ್ತಿದ್ದೆವು. ಡಾಕ್ಟರು ಗೀಟನ್ನು ನೋಡಿ ಮೊಹರು ಒತ್ತುತ್ತಿದ್ದರು. ನಾನು ಹಸಿರು ಶಾಯಿ ಬಳಸುತ್ತಿದ್ದೆ, ಇದು ಲಿಗೋರ್ ಕಳಿಸಿದ ಹುಡುಗ ಎಂದು ಮುಂಬಯಿಯವರಿಗೆ ದೂರದಿಂದಲೇ ತಿಳಿಯಲೆಂದು. ಹನ್ನೊಂದನೆಯ ಪ್ರಶ್ನೆ ಫಿಟ್ಸಿನದು. ಅಂದು ನನ್ನ ಕೈ ಅಲ್ಲಿ ತಡೆಯಲಿಲ್ಲ.

ಕಚೇರಿಯಲ್ಲಿ ನನ್ನ ಜೊತೆಗಿದ್ದ ರುಯ್ ವಿಷಯವನ್ನೆಲ್ಲ ಕೇಳಿ ಬಾಗಿಲು ಮುಚ್ಚಿ ಬಂದ.

"ಹುಡುಗ ಇದನ್ನ ಯಾರ ಹತ್ರ ಹೇಳಿದ್ದ? ನಿಮ್ಮೊಬ್ರ ಹತ್ರ. ಕಾಗದ ಬಾಯಿ ಬಿಡಲ್ಲ. ನೀವೂ ಬಿಡಬೇಡಿ."

"ಅವನ ತಾಯಿ ಪಿಯೆದಾದ್ ಕೇಳಿದ್ರೆ?"

"ತಾಯಿ ಅಳ್ತಾರೆ ಲಿಗೋರ್, ವಿಚಾರಣೆ ಮಾಡಲ್ಲ. ಬೆವರು ಒರೆಸ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ನೀವೇ ತಳ್ಳಿದ ಹಾಗಿದೆ."

ಹಡಗು ಸಂಜೆಗೆ ಬಂದರು ಸೇರುವುದಿತ್ತು. ಅದರಲ್ಲಿ ಆಸೊಳ್ಣಾದ ಇನ್ನಿಬ್ಬರಿದ್ದರು. ದಡ ಮುಟ್ಟಿದೊಡನೆ ಅವರು ಮನೆಗೆ ಫೋನ್ ಮಾಡುತ್ತಿದ್ದರು. ಅಷ್ಟರೊಳಗೆ ನಾನು ಹೇಳಬೇಕಿತ್ತು. ಜೊತೆಗೆ ಕರೆದೊಯ್ಯೋಣವೆಂದರೆ ಇಗರ್ಜಿಯಲ್ಲಿ ಪಾದ್ರಿ ಇರಲಿಲ್ಲ, ಯಾರದೋ ಮದುವೆಗೆ ಹೋಗಿದ್ದರು. ಒಬ್ಬನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜಪಮಾಲೆ ಹಿಡಿದಿದ್ದೆ, ಒಂದು ಮಣಿಯೂ ಮುಂದಕ್ಕೆ ಸರಿಯಲಿಲ್ಲ. ಬಸ್ಸು ಕೆಟ್ಟು ನಿಂತರೆ ಸಾಕು ಎಂದು ಬೇಡಿಕೊಂಡೆ. ಎಲ್ಲಿ ಗಂಟೆ ಬಾರಿಸಿದರೂ ಅದು ಸಾವಿನ ಗಂಟೆಯೆಂದು ಬೆಚ್ಚುತ್ತಿದ್ದೆ.

ಪಿಯೆದಾದ್ ಅಂಗಳದ ಶಿಲುಬೆಗೆ ಸುಣ್ಣ ಬಳಿಯುತ್ತಿದ್ದಳು. ಮಗನ ಪ್ರಯಾಣಕ್ಕಾಗಿ ಅಂದು ಸಂಜೆ ಅಲ್ಲಿ ಲದಾಯ್ನ್ ಪ್ರಾರ್ಥನೆ ಹಾಡಿಸುವುದಿತ್ತು, ನೆರೆಯವರನ್ನು ಕರೆದಾಗಿತ್ತು.

"ಬನ್ನಿ ಲಿಗೋರ್ ಬಾಬ್! ಗಂಜಿ ವಾಸನೆ ಮಡಗಾಂವ್ ತನಕ ಬಂತಾ?" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಕುಂಚ ಅಲ್ಲಿಯೇ ನಿಂತಿತು. "ನನ್ನ ಮಗ?"

ಹೇಳಿದೆ. ಅವಳು ಅಳಲಿಲ್ಲ.

"ಹೇಗೆ?"

"ಕೈಕಾಲು ಸೆಟೆದುಕೊಂಡ್ವಂತೆ, ಬಾಯ್. ಏಣಿ ಮೇಲಿದ್ದ."

ಅವಳು ಕುಸಿದು, ಸುಣ್ಣದ ಕೈಗಳಿಂದ ನನ್ನ ಎರಡೂ ಪಾದಗಳನ್ನು ಹಿಡಿದಳು.

"ನಾನೇ ಕೊಂದೆ! ಒಂಬತ್ತು ವರ್ಷಕ್ಕೆ ಬಂದಿತ್ತು ಅವನಿಗೆ ಆ ಕಾಯಿಲೆ. ತಿತಿವ್‌ಗೆ ಹೇಳ್ಬೇಡ, ಹೇಳಿದ್ರೆ ಬೇಡ ಅಂತಾರೆ ಅಂತ ಈ ಶಿಲುಬೆ ಮೇಲೆ ಕೈ ಇಡಿಸಿ ಆಣೆ ಹಾಕಿಸ್ದೆ. ನೀವು ನಂಬಿ ಕರ್ಕೊಂಡು ಹೋದ್ರಿ. ನಾನು ನಿಮ್ಗೆ ಮೋಸ ಮಾಡ್ದೆ ಲಿಗೋರ್ ಬಾಬ್. ಕ್ಷಮಿಸಿದೆ ಅನ್ನಿ. ಒಂದ್ಸಲ ಅನ್ನಿ."

ನಾನು ಬೇರೇನೂ ಹೇಳಬೇಕಾಗಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು 'ಕ್ಷಮಿಸಿದೆ' ಎಂದಿದ್ದರೆ ಊರು ನನ್ನನ್ನು ದೊಡ್ಡ ಮನುಷ್ಯ ಎನ್ನುತ್ತಿತ್ತು. ನನ್ನ ಎದೆ ಹಗುರಾಯಿತು. ಹೌದು, ಸತ್ತವನ ತಾಯಿ ಕಾಲಿನ ಬಳಿ ಬಿದ್ದಿರುವಾಗ ನನ್ನ ಎದೆ ಹಗುರಾಯಿತು. ಬೆಳಗಿನಿಂದ ಹೆದರಿದ್ದೆನಲ್ಲ, ಆ ಹಗುರಕ್ಕೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಲಿಲ್ಲ. ಈ ಕ್ಷಣದಲ್ಲಿ ಸುಮ್ಮನಿದ್ದರೆ ಇನ್ನು ಮುಂದೆ ಯಾವ ಪ್ರಾರ್ಥನೆಗೂ ನನ್ನ ಬಾಯಿ ತೆರೆಯದು ಎನಿಸಿತು. ನಾನೂ ಅವಳೆದುರು ನೆಲಕ್ಕೆ ಕೂತೆ.

"ಅವನು ನನಗೆ ಹೇಳಿದ್ದ, ಬಾಯ್."

"ಏನು?"

"ಆಣೆ ಮುರಿದು ಹೇಳಿದ್ದ. ಹೋದ ವರ್ಷ ಇನ್ನೊಂದ್ಸಲ ಬಂದಿತ್ತಂತೆ. ನಿಮಗೂ ಹೇಳಿರಲಿಲ್ಲ. ಗೊತ್ತಿದ್ದೂ ಗೀಟೆಳೆದವನು ನಾನು."

ಅವಳು ನನ್ನ ಪಾದಗಳನ್ನು ಬಿಟ್ಟಳು. ಸುಣ್ಣದ ಬಕೆಟ್ಟಿನಲ್ಲಿ ಒಂದು ನೊಣ ಒದ್ದಾಡುತ್ತಿತ್ತು.

"ಹೇಳೋವಾಗ ಹೆದರಿದ್ನಾ?"

"ಹೆದರಿದ್ದ. ಅಲ್ಲಿ ಬಂದ್ರೆ ಅಂತ ಕೇಳ್ದ."

"ನೀವೇನಂದ್ರಿ?"

"ಬರಲ್ಲ ಅಂದೆ."

ಅವಳು ಎದ್ದಳು. ಉಳಿದಿದ್ದ ಒಂದು ಮಗ್ಗುಲಿಗೆ ಸುಣ್ಣ ಬಳಿದು ಮುಗಿಸಿದಳು. ಪ್ರತಿ ಸಲ ಕುಂಚ ಎದ್ದಾಗಲೂ ಅದು ನನ್ನ ಮೇಲೆಯೇ ಬೀಳುತ್ತದೆಂದು ಕಾದೆ.

"ಇನ್ನು ಈ ಮನೇಲಿ ನಿಮಗೆ ಗಂಜಿ ಇಲ್ಲ," ಎಂದಳು, ನನ್ನ ಕಡೆ ನೋಡದೆ. "ಆದ್ರೆ ಈಗ್ಲೇ ಹೋಗ್ಬೇಡಿ. ಜನ ಬರೋ ತನಕ ನಾನೊಬ್ಳೇ ಮೊಣಕಾಲೂರಕ್ಕೆ ಆಗಲ್ಲ. ಇಬ್ರೂ ಸೇರಿ ಕಳಿಸಿದ್ದು. ಇಬ್ರೂ ಸೇರಿ ದೇವರನ್ನ ಕೇಳೋಣ."

ಸೋಮವಾರ ಮುಂಬಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಆ ಪೆನ್ನನ್ನು ಮುಟ್ಟಲಿಲ್ಲ. ಹೆದರಿಕೆ ಹೋಗಿಲ್ಲ. ಫೋನ್ ಬಂದರೆ ಈಗಲೂ ಎತ್ತುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ. ನಾನು ಗೀಟೆಳೆದು ಕಳಿಸಿದ ಇನ್ನೆಷ್ಟೋ ಹುಡುಗರು ಇಂದಿಗೂ ಏಣಿಗಳ ಮೇಲಿದ್ದಾರೆ.

ಅಂದು ಹಸಿ ಸುಣ್ಣದ ಶಿಲುಬೆಯ ಮುಂದೆ ನಾವಿಬ್ಬರೂ ಬೇಡಿದ್ದನ್ನೇ ಪ್ರತಿ ಶನಿವಾರ ಬೇಡುತ್ತೇನೆ. ದೇವರೇ, ನಿನ್ನ ಮಗ ಜಾಸಿಂತ್ ಹೆದರಿಕೆಯನ್ನು ಮನುಷ್ಯರ ಮುಂದೆ ಹೇಳಿಕೊಂಡ, ಮನುಷ್ಯರು ಕೇಳಲಿಲ್ಲ. ನೀನು ಕೇಳು. ಅವನನ್ನು ಎತ್ತಿಕೋ. ಇನ್ನು ಬೀಳುವ ಭಯವಿಲ್ಲದ ಕಡೆ ಅವನನ್ನು ಮಲಗಿಸು, ಅವನ ಕೈಕಾಲುಗಳಿಗೆ ಶಾಂತಿ ಕೊಡು. ಆಮೆನ್.