ಇನ್ನೂರ ಹದಿಮೂರು ಅಜ್ಜಿಯರು

ಅವಳ ಅಮ್ಮನಿಗೆ ಅರವತ್ತೆರಡನೇ ವಯಸ್ಸಿಗೆ ಸೈಕಲ್ ಕಲಿಯುವ ಹುಚ್ಚು ಹಿಡಿದಿತ್ತು. ಸೀಟು ಹಿಡಿದು ಹಿಂದೆ ಓಡಲು ಮಗಳೇ ಬೇಕು, ಅದೂ ಬೆಳಕಿರುವಾಗ. ಮಗಳೋ ಬಸ್ ಟಿಕೆಟ್ ಮಾರುವ ಕಂಪನಿಯಲ್ಲಿ ಕ್ಲೌಡ್ ನೋಡಿಕೊಳ್ಳುವವಳು. ಎಲ್ಲೋ ದೂರದಲ್ಲಿ ಬಾಡಿಗೆಗೆ ಓಡುವ ಇನ್ನೂರ ಹದಿನಾಲ್ಕು ಕಂಪ್ಯೂಟರ್ ಮೆಷಿನ್‌ಗಳಲ್ಲಿ ಬೇಡದ್ದನ್ನೆಲ್ಲ ದಿನಾ ಸಂಜೆ ಒಂದೊಂದಾಗಿ ಆಫ್ ಮಾಡಬೇಕು, ಇಲ್ಲದಿದ್ದರೆ ಬಾಡಿಗೆ ಬಿಲ್ ಸುಮ್ಮನೆ ಏರುತ್ತದೆ. ಇದು ಬೇಕಾ, ಅದು ಬೇಡವಾ ಎಂದು ಅವರಿವರ ಕೈಕಾಲು ಹಿಡಿದು ಕೇಳಿ ಮುಗಿಸುವಷ್ಟರಲ್ಲಿ ಹೊರಗೆ ಕತ್ತಲು. ಅಮ್ಮನ ಸೈಕಲ್ ಮೂರು ತಿಂಗಳಿಂದ ಗೋಡೆಗೊರಗಿಯೇ ನಿಂತಿತ್ತು.

ಕೊನೆಗೊಂದು ದಿನ ತಲೆ ಓಡಿಸಿದಳು. ಪ್ರತಿ ಮೆಷಿನ್ನಿನ ಹೆಸರಿನ ಮುಂದೂ ಪರದೆಯ ಮೇಲೇ ಒಂದು ಚೀಟಿ: ‘ಮಗು’ ಇಲ್ಲವೇ ‘ಅಜ್ಜಿ’. ಮಗು ಆರು ಗಂಟೆಗೆ ತಾನಾಗಿ ಮಲಗಿ ಬೆಳಿಗ್ಗೆ ಏಳುತ್ತದೆ. ಅಜ್ಜಿಗೆ ನಿದ್ದೆಯೇ ಇಲ್ಲ. ಯಾರ ಮೆಷಿನ್ನಿಗೆ ಅವರೇ ಚೀಟಿ ಅಂಟಿಸಲಿ ಎಂದಳು. ಪಾಪ, ಮನುಷ್ಯರ ಮೇಲೆ ಅಷ್ಟೊಂದು ನಂಬಿಕೆ!

ಆರು ಹೊಡೆಯಿತು. ಎಲ್ಲರೂ ಅವಳ ಮೇಜಿಗೆ ಮುತ್ತಿಕೊಂಡರು. ಮಲಗಿದ್ದು ಒಂದೇ ಒಂದು ಮೆಷಿನ್. ಅದೂ ಅವಳದೇ, ಮಿಕ್ಕವನ್ನು ಮಲಗಿಸಿ ಏಳಿಸಬೇಕಾದದ್ದು! ಸಂಜೆ ಮೇಲೆ ಇದಕ್ಕೇನು ಕೆಲಸ ಎಂದು ಪ್ರಾಮಾಣಿಕವಾಗಿ ‘ಮಗು’ ಎಂದು ಬರೆದುಬಿಟ್ಟಿದ್ದಳು.

“ಅಲ್ರೀ, ನಿಮ್ದೆಲ್ಲಾ ಅಜ್ಜೀನಾ?” ಎಂದಳು.

“ಯಾವಾಗ ಬೇಕಾಗುತ್ತೋ ಏನೋ, ಇರ್ಲಿ ಅಂತ,” ಟೆಸ್ಟಿಂಗ್ ವಿಭಾಗದವನು ಹಲ್ಲು ಕಿರಿದ.

“ನಾಳೆ ಒಂದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮೊದಲಿನ ಹಾಗೇ ಕೈಯಲ್ಲೇ ಆಫ್ ಮಾಡ್ಕೊಂಡಿರಿ,” ಎಂದರು ಮ್ಯಾನೇಜರ್.

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಗು, ಅದೂ ಹೊಟ್ಟೆ ಹಿಡಿದುಕೊಳ್ಳುವಂಥದ್ದು. ನಗುತ್ತಲೇ ಒಂದು ಹೊಸ ನಿಯಮ ಬರೆದಳು. ರಾತ್ರಿಯಿಡೀ ಟಿಕೆಟ್ ಮಾರುವ ಏಳು ಮೆಷಿನ್‌ಗಳನ್ನೂ ತನ್ನದೊಂದನ್ನೂ ತಾನೇ ಅಜ್ಜಿ ಮಾಡಿದಳು. ಉಳಿದಂತೆ ಯಾರು ಅಜ್ಜಿ ಎಂದು ಬರೆಯುತ್ತಾರೋ, ಅಜ್ಜಿ ಎದ್ದಿರುವಷ್ಟು ಹೊತ್ತು ಅವರೂ ಆಫೀಸಿನಲ್ಲೇ ಜೊತೆಗೆ ಕೂತಿರಬೇಕು.

ಮರುದಿನ ನಿಯಮ ಓದಿದ ಟೆಸ್ಟಿಂಗ್‌ನವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದ. “ಮೇಡಂ, ನಮ್ಮಜ್ಜಿ ನಿಜವಾಗ್ಲೂ ಮಗು!”

ಅವನ ಹಿಂದೆ ಸಾಲು. ಮಧ್ಯಾಹ್ನದೊಳಗೆ ಇಡೀ ಆಫೀಸಿನ ಅಜ್ಜಿಯರಿಗೆ ಹಾಲುಹಲ್ಲು ಬಂದಿತ್ತು.

ಆರಕ್ಕೆ ಸರಿಯಾಗಿ ಇನ್ನೂರ ಆರು ಮೆಷಿನ್‌ಗಳು ಗಪ್‌ಚಿಪ್ ಮಲಗಿದವು. ಮ್ಯಾನೇಜರ್ ಚಪ್ಪಾಳೆ ತಟ್ಟುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಬಾಗಿಲು ತೆಗೆದ ಅಮ್ಮ ಮಗಳ ಮುಖ ನೋಡಿದಳು, ಅವಳ ಹಿಂದೆ ಇನ್ನೂ ಉಳಿದಿದ್ದ ಸಂಜೆ ಬೆಳಕು ನೋಡಿದಳು.

“ಇಷ್ಟು ಬೇಗ? ಕೆಲ್ಸ ಹೋಯ್ತಾ?”

“ಇಲ್ಲಮ್ಮ. ಮುಗೀತು.”

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಮತ್ತೆ ನಿಂತ್ಕೊಂಡು ಏನ್ ನೋಡ್ತಿದ್ದೀಯ? ಹಿಡಿ ಸೀಟು!”