ಇಪ್ಪತ್ತೊಂದು ದಿನದ ಸಪ್ಪೆ ಊಟ

ಉಪ್ಪಿಲ್ಲದೆ ಯಾರೂ ಸತ್ತಿಲ್ಲ ಅಂತ ಗಂಡನ ಮೇಲೆ ಹರಿಹಾಯ್ದವಳು ನಾನೇ. ಆ ಮಾತಾಡಿದ ನಾಲಿಗೆಯನ್ನು ಏನು ಮಾಡಬೇಕು, ನೀವೇ ಹೇಳಿ.

ನನ್ನ ಗಂಡ ಏಕನಾಥ ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಣ್ಣ ಹಚ್ಚಿ ಹೆಸರು ಬರೆಯುತ್ತಿದ್ದರು. ದಾರ ಹಿಡಿಯದೆ ಎಳೆದ ಗೆರೆಯೂ ಕೂದಲೆಳೆಯಷ್ಟು ಸೊಟ್ಟ ಆಗುತ್ತಿರಲಿಲ್ಲ. ಎಂಬತ್ತೊಂದನೇ ಇಸವಿಯಲ್ಲಿ ಅವರ ತಲೆ ಕೆಟ್ಟಿತು. ಎಂಟು ದಿನ ನಿದ್ದೆ ಬಿಟ್ಟು ಓಣಿಯ ಬಾಗಿಲುಗಳಿಗೆಲ್ಲ ಕೆಂಪು ಬಳಿದರು, ಊರ ಕೋಟೆ ನಂದೇ ಅಂದರು. ಆಮೇಲೆ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದರು. ತಾಯತ, ವಿಭೂತಿ ಎಲ್ಲ ಮುಗಿದ ಮೇಲೆ ಹೈದರಾಬಾದಿನ ಡಾಕ್ಟರೊಬ್ಬರು ಲಿಥಿಯಂ ಎಂಬ ಗುಳಿಗೆ ಕೊಟ್ಟರು. ದಿನಕ್ಕೆ ಮೂರು. ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ, ಊಟ ಎಂದಿನಂತೆ ಇರಲಿ ಅಂದರು. ನಾನು ಅದೇ ಸಂಜೆ ತುಳಜಾಪುರದ ಅಂಬಾಬಾಯಿಗೆ ಹರಕೆ ಹೊತ್ತೆ. ಇವರು ಮತ್ತೆ ಮನುಷ್ಯರಾದರೆ ಗಂಡಹೆಂಡತಿ ಇಬ್ಬರೂ ಇಪ್ಪತ್ತೊಂದು ದಿನ ಉಪ್ಪು ಬಿಡುತ್ತೇವೆ ಅಂತ.

ಇವರು ಮನುಷ್ಯರಾದರು. ಗುಳಿಗೆಯಿಂದಲೋ ದೇವಿಯಿಂದಲೋ ನನಗೇನು ಗೊತ್ತು? ಎರಡೂ ಕಡೆ ಕೈಮುಗಿದೆ. ಕುಂಚ ಹಿಡಿದಾಗ ಬೆರಳ ತುದಿ ಸ್ವಲ್ಪ ನಡುಗುತ್ತಿತ್ತು, ಆದರೂ ಅಕ್ಷರ ಸೊಟ್ಟ ಆಗಲಿಲ್ಲ. ಚೆನ್ನಾಗಿದ್ದವರ ರಕ್ತ ಯಾಕೆ ತೆಗೆಸಬೇಕು ಅಂತ ಹೈದರಾಬಾದಿನ ದಾರಿ ಬಿಟ್ಟೆವು, ಗುಳಿಗೆ ಮಾತ್ರ ಹಳೇ ಚೀಟಿ ತೋರಿಸಿ ತರಿಸುತ್ತಿದ್ದೆವು. ಎರಡು ವರ್ಷವಾದ ಮೇಲೆ, ಬಿಸಿಲು ನೆತ್ತಿ ಸುಡುವ ಚೈತ್ರದಲ್ಲಿ, ಹರಕೆ ತೀರಿಸಲು ಕುಳಿತೆವು. ಹರಕೆಯ ಸುದ್ದಿ ಡಾಕ್ಟರಿಗೆ ಯಾರು ಹೇಳುತ್ತಾರೆ?

ಏಳನೇ ದಿನ ಇವರು ಉಪ್ಪಿನ ಗಡಿಗೆಗೆ ಕೈ ಹಾಕಿದರು.

"ಕೇಶರ, ಒಂದ ಚಿಟಿಗಿ ಉಪ್ಪ ಕೊಡ, ನಾಲಗಿ ಸತ್ತಂಗ ಆಗ್ಯಾದ."

"ಉಪ್ಪಿಲ್ದ ಯಾರೂ ಸತ್ತಿಲ್ಲ, ಸುಮ್ನ ಉಣ್ರಿ!" ಅಂತ ಕೈಗೆ ಬಡಿದೆ. ಉಪ್ಪು ನೆಲಕ್ಕೆ ಚೆಲ್ಲಿತು. ಅವರು ಬಗ್ಗಿ ಅದನ್ನೇ ನೋಡಿದರು, ಮತ್ತೆ ತಾಟಿನ ಮುಂದೆ ಕುಳಿತರು.

ಹನ್ನೆರಡನೇ ದಿನ ಕೈನಡುಕ ಮೊಣಕೈವರೆಗೆ ಏರಿತು. ವಾಂತಿಯಾಯಿತು, ಬಿಸಿಲಿನ ಝಳ ಅಂದುಕೊಂಡೆ. ಹದಿನಾರರಂದು ಕುಡಿದವರಂತೆ ತೂರಾಡಿದರು, ಮಾತು ತೊದಲಿತು, ನನ್ನನ್ನೇ ಯಾರು ಅಂತ ಕೇಳಿದರು.

"ಹಳೇ ಬ್ಯಾನಿ ಮತ್ತ ತಿರುಗಿ ಬಂತವ್ವ. ಇನ್ನೊಂದು ಗುಳಿಗಿ ಜಾಸ್ತಿ ನುಂಗಸು" ಅಂದರು ಅತ್ತೆ ಗಯಾಬಾಯಿ.

ನುಂಗಿಸಿದೆ. ಇದೇ ಕೈಯಿಂದ, ಎರಡು ದಿನ.

ಹದಿನೆಂಟನೇ ದಿನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು ಫಿಟ್ಸ್ ಬಂತು. ನಮ್ಮ ಓಣಿಯ ಲಾರಿ ಡ್ರೈವರ್ ನರಸಿಂಗ, "ಬಸ್ಸಿನ ದಾರಿ ಕಾಯಬ್ಯಾಡ್ರಿ ವೈನಿ" ಅಂತ ಇವರನ್ನು ಎತ್ತಿ ತನ್ನ ಲಾರಿಯಲ್ಲಿ ಹಾಕಿಕೊಂಡ. ಅದರ ಹಣೆಯ ಮೇಲೆ ಇವರೇ ಬರೆದ ನೆಟ್ಟನೆಯ ಅಕ್ಷರಗಳಿದ್ದವು, 'ಅಂಬಾಮಾತೆಯ ಕೃಪೆ'. ಹುಮನಾಬಾದ್ ಮುಟ್ಟುವವರೆಗೂ ಇವರ ದವಡೆ ಹಿಡಿದುಕೊಂಡು ಅವ್ವಾ, ಅವ್ವಾ ಅಂತ ಕೂಗಿದೆ. ದೇವಿಯನ್ನು ಕರೆದೆನೋ ಹೆತ್ತವಳನ್ನೋ, ತಿಳಿಯದು.

ಆಸ್ಪತ್ರೆಯ ಡಾಕ್ಟರು ಗುಳಿಗೆಯ ಡಬ್ಬಿ ನೋಡಿದರು. "ಊಟದಾಗ ಏನರ ಬದಲಿ ಮಾಡೀರೇನು?"

"ಹದಿನೆಂಟ ದಿನ ಆತ್ರಿ, ಉಪ್ಪ ಮುಟ್ಟಿಲ್ರಿ. ಹರಕಿ ನಡಸೇವ್ರಿ" ಅಂದೆ. ದೇವರಾಣೆ, ಹೆಮ್ಮೆಯಿಂದ ಅಂದೆ. ನಮ್ಮಿಂದ ತಪ್ಪಾಗಿಲ್ಲ ಅಂತ ಅವರಿಗೆ ಗೊತ್ತಾಗಲಿ ಅಂತ.

ಅವರು ಪೆನ್ನು ಕೆಳಗಿಟ್ಟರು. "ತಾಯಿ, ಈ ಗುಳಿಗಿನೂ ಒಂದು ನಮೂನಿ ಉಪ್ಪೇ ಅದ. ಅಡಗಿ ಉಪ್ಪ ಕಡಿಮಿ ಆದ್ರ ಮೈ ಈ ಉಪ್ಪನ್ನ ಹೊರಗ ಬಿಡಂಗಿಲ್ಲ, ಒಳಗೇ ಕೂಡಿ ವಿಷ ಆಗ್ತದ. ರಕ್ತ ತೋರಸ್ಕೋತ ಇದ್ರ ಈ ಮಾತು ಮೊದಲೇ ತಿಳೀತಿತ್ತು."

"ಮ್ಯಾಲ ಒಂದೊಂದು ಗುಳಿಗಿ ಜಾಸ್ತಿ ಕೊಟ್ಟೀನ್ರಿ..."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಜಿ ಚುಚ್ಚಿ ಬಾಟಲಿ ತೂಗಹಾಕಿದರು. ಹನಿ ಬೀಳುವುದನ್ನು ನೋಡುತ್ತ, ಇದು ಯಾವ ಔಷಧಿ ಅಂತ ಕೇಳಿದೆ.

"ಉಪ್ಪಿನ ನೀರು" ಅಂದರು.

ನಾನು ಅಲ್ಲೇ ನೆಲದ ಮೇಲೆ ಕುಸಿದು ಬಾಯಿ ಬಡಿದುಕೊಂಡು ಅತ್ತೆ.

ಇವರು ಬದುಕಿದರು. ಮನೆಗೆ ಬಂದ ದಿನ ಅತ್ತೆ, "ಹರಕಿ ಇನ್ನಾ ಮೂರ ದಿನ ಉಳದದ" ಅಂದರು. ಇನ್ನೊಮ್ಮೆ ಅಂದರೆ ನಾನೇ ಬಾವಿಗೆ ಬೀಳುತ್ತೇನೆ ಅಂದೆ. ಆದರೆ ಹೋದ ಕೈ ತಿರುಗಿ ಬರಲಿಲ್ಲ. ಕುಂಚ ಹಿಡಿದರೆ ಬಣ್ಣ ಲಾರಿಗೆ ಮುಟ್ಟುವ ಮೊದಲೇ ಮೈಮೇಲೆ ಸಿಡಿಯುತ್ತದೆ. ಮಾತೂ ತೊದಲಾಗೇ ಉಳಿಯಿತು.

ನನಗೆ ಒಂದು ಸಲವೂ ಏನೂ ಅಂದಿಲ್ಲ. ಆದರೆ ಊಟಕ್ಕೆ ಕುಳಿತಾಗ ಪಲ್ಯ ಬಡಿಸಲು ನಾನು ಬಾಗಿದರೆ ಸಾಕು, ತಾಟಿನ ಮೂಲೆಯಲ್ಲಿಟ್ಟ ಉಪ್ಪನ್ನು ನಡುಗುವ ಅಂಗೈಯಿಂದ ಮುಚ್ಚಿಕೊಳ್ಳುತ್ತಾರೆ. ನಾನು ಹಿಂದೆ ಸರಿಯುವವರೆಗೆ ಕೈ ತೆಗೆಯುವುದಿಲ್ಲ.