ಧ್ವನಿ ಗುರುತಿಸಿದವಳು

ಹಸಿ ಶುಂಠಿಯ ವಾಸನೆ, ಮುಂದಿನ ಸೀಟಿನ ಹೆಂಗಸಿನ ಚೀಲದ್ದಿರಬೇಕು, ಗಂಟುಗಂಟಿಗೆ ಕೆಂಪು ಮಣ್ಣು ಹತ್ತಿದೆ, ಬಸ್ಸು ಜಿಗಿದಾಗಲೆಲ್ಲ ಒಂದೊಂದು ತುಣುಕು ನನ್ನ ಕಾಲ ತನಕ ಉರುಳಿ ಬರುತ್ತದೆ, ಎತ್ತಿ ಕೊಡಬೇಕು, ಬಗ್ಗಲು ಮನಸ್ಸಿಲ್ಲ, ಮೊಗುಡಂಪಲ್ಲಿ ಹಿಂದೆ ಬಿತ್ತು, ಜಹೀರಾಬಾದಿನಲ್ಲಿ ಇಳಿದು ತಾಂಡೂರಿನ ಬಸ್ಸು ಹಿಡಿಯಬೇಕು, ನಾಳೆ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ — ಕಾನ್‌ಸ್ಟೇಬಲ್ ವಾಣಿಶ್ರೀ, ಹಾಜರ್ — ಕಿಟಕಿಯಾಚೆ ಕೊಯ್ದು ಮುಗಿದ ತೊಗರಿ ಹೊಲಗಳು, ಬರೀ ಕೂಳೆ. ಇದೇ ತೊಗರಿ ಹೂವಿನಲ್ಲಿದ್ದಾಗ ತನಿಖೆಯ ಅಧಿಕಾರಿ ಸಂಜೀವ ಸರ್ ಹೈದರಾಬಾದಿನಿಂದ ತಾಂಡೂರಿಗೆ ಬಂದಿದ್ದರು, ಅಲ್ಲಿನ ಒಂದು ಕಲ್ಲಿನ ಗಣಿಯಿಂದ ಎರಡು ಪೆಟ್ಟಿಗೆ ಜಿಲೆಟಿನ್ ಕಡ್ಡಿ ಕಳುವಾಗಿ ವಾರವಾಗಿತ್ತು, ದೀಪಾವಳಿ ಎದುರಿಗಿತ್ತು, ಎಲ್ಲಿ ಸಿಡಿಯುತ್ತದೋ ಎಂದು ಮೇಲಿನವರಿಗೆ ಊಟ ಸೇರುತ್ತಿರಲಿಲ್ಲ, ನನಗೂ, ಸುಳ್ಳೇಕೆ, ಆ ಪೆಟ್ಟಿಗೆ ನಿಜ, ಆ ಭಯವೂ ನಿಜ, ಬಸ್‌ ಸ್ಟ್ಯಾಂಡಿನಲ್ಲಿ ಯಾರದೆಂದು ತಿಳಿಯದ ಪ್ರತಿ ಚೀಲವನ್ನೂ ನಾನೇ ಮೊದಲು ಮುಟ್ಟಿ ನೋಡುತ್ತಿದ್ದೆ. ಗಡಿ ಕಡೆಯ ಕನ್ನಡ ಬಲ್ಲವರು ಸ್ಟೇಷನ್ನಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಅವರು ತೆಲುಗಿನಲ್ಲಿ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು, ಟ್ರೈನಿಂಗಿನಲ್ಲಿ ಇದೇ ಕನ್ನಡಕ್ಕೆ ನಕ್ಕವರು, ಬಾಯಿ ತೆರೆದರೆ ಸಾಕು ಬೀದರಿನ ಬಸ್ಸು ಬಂತು ಎನ್ನುತ್ತಿದ್ದವರು, ಆ ದಿನ ಅವ್ವನ ಭಾಷೆ ದೇಶದ ಕೆಲಸಕ್ಕೆ ಬಂತೆಂದು ಎಷ್ಟು ಹಿಗ್ಗಿದ್ದೆ, ಅವ್ವನಿಗೆ ಫೋನ್ ಮಾಡಿದೆ, ಏನು ಕೆಲಸವೆಂದು ಹೇಳುವಂತಿರಲಿಲ್ಲ, ದೊಡ್ಡ ಕೆಲಸ ಎಂದಷ್ಟೇ ಹೇಳಿದೆ.

ಕಿವಿಗೆ ಹೆಡ್‌ಫೋನ್, ಮೇಜಿನ ಮೇಲೆ ಬಿಳಿ ಹಾಳೆ, ನಾಪತ್ತೆಯಾದ ಗಣಿ ಕಾವಲುಗಾರ ಬಿಟ್ಟುಹೋದ ಫೋನಿನಲ್ಲಿ ರೆಕಾರ್ಡಾಗಿದ್ದ ಕರೆಗಳು, ನಂಬರುಗಳು, ಅದರಲ್ಲಿ ಒಂದು ತೀರಿಹೋದವನೊಬ್ಬನ ಹೆಸರಿನಲ್ಲಿದ್ದ ಸಿಮ್, ಮಾತಾಡುವವನು ಯಾರೆಂದು ಅವರಿಗೆ ತಿಳಿದಿರಲಿಲ್ಲ, ಒತ್ತಿದೆ, ಕೇಳಿತು — ಒಂದ್ ಡಬ್ಬಿ ಎಣ್ಣಿ ಕಳಿಸೀನಿ ನೋಡ್ರಿ, ನಾಳಿ ಮುಂಜಾನಿ ಹೊಡ್ದುಬಿಡ್ರಿ, ಒಂದೂ ಉಳೀಬಾರ್ದು — ನನಗೆ ನಗು ಬಂತು, ಖಂಡೆಪ್ಪ ಕಾಕಾ, ನಮ್ಮ ಮನೆಯ ಎದುರು ಬೀಜ ಗೊಬ್ಬರದ ಅಂಗಡಿಯ ಖಂಡೆಪ್ಪ ಕಾಕಾ, ಅಪ್ಪ ಹೋದ ಮೇಲೆ ನನ್ನನ್ನು ಪೊಲೀಸ್ ಸೇರುವ ಓಟದ ಪರೀಕ್ಷೆಗೆ ತಯಾರಿ ಮಾಡಿಸಲು ಮೂರು ತಿಂಗಳು ಸ್ಕೂಟರಿನಲ್ಲಿ ಜಹೀರಾಬಾದಿನ ಮೈದಾನಕ್ಕೆ ಕರೆದೊಯ್ದವನು, ಫೋನಿನಲ್ಲಿ ಮಾತಾಡಿದರೆ ಆ ತುದಿಯವನಿಗೆ ಫೋನೇ ಬೇಡ, ಅಷ್ಟು ದೊಡ್ಡ ಗಂಟಲು, ತನ್ನ ಅಣ್ಣ ತೀರಿಕೊಂಡ ಮೇಲೂ ಅಣ್ಣನ ಸಿಮ್ಮನ್ನೇ ಇಟ್ಟುಕೊಂಡಿದ್ದ, ನಮ್ಮೂರಿಗೆಲ್ಲ ಗೊತ್ತು. ಹಾಳೆಯ ಮೇಲೆ ಬರೆದೆ, ಕೆಳಗೆ ಗೆರೆ ಎಳೆದು ಸೇರಿಸಿದೆ, ನಮ್ಮ ಕಡೆ ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಔಷಧ, ಉಳಿಯಬಾರದ್ದು ತೊಗರಿಯ ಹುಳ, ಆ ಕಾವಲುಗಾರನೂ ಹೊಲವಿದ್ದವನು, ಔಷಧಕ್ಕೆ ಫೋನ್ ಮಾಡಿರಬೇಕು — ಎದ್ದು ಹೋಗಿ ಬಾಯಲ್ಲೂ ಹೇಳಿದೆ, ಸರ್, ಇವರು ನನಗೆ ಗೊತ್ತು, ಇದು ಹೊಲದ ಮಾತು. ಧ್ವನಿ ಅವರದೇ ಎಂದು ಖಚಿತವೇ ಎಂದು ಕೇಳಿದರು, ಮೆತ್ತಗೆ, ಅಮ್ಮಾ ಎಂದು ಕರೆದು, ಖಚಿತ ಸರ್, ಹಾಗಾದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡು, ಅವರ ನಂಬರು ಶಂಕಿತರ ಪಟ್ಟಿಯಿಂದ ತೆಗೆಯಲು ಬೇಕಾಗುತ್ತದೆ, ನಿನ್ನ ಹೆಸರು ಈ ಕೋಣೆಯಿಂದ ಆಚೆ ಹೋಗುವುದಿಲ್ಲ, ನಾನು ಬರೆದೆ, ಅಕ್ಷರ ಚೆನ್ನಾಗಿರಲಿ ಎಂದು ನಿಧಾನವಾಗಿ ಬರೆದೆ, ಈ ಧ್ವನಿ ಖಂಡೆಪ್ಪನವರದೇ. ಮೂರನೆಯ ದಿನ ಟಿವಿಯಲ್ಲಿ ಕಾಕಾ, ಮುಖಕ್ಕೆ ಕಪ್ಪು ಬಟ್ಟೆ, ಆದರೆ ಆ ಚೆಕ್ಸ್ ಶರ್ಟು ಅವನ ಹೆಂಡತಿ ಜನಾಬಾಯಿ ಕಾಕಿ ಒಗೆದು ನಮ್ಮ ಕಟ್ಟೆಯ ಮೇಲೆ ಒಣಹಾಕುತ್ತಿದ್ದದ್ದು, ಗಡಿಯಲ್ಲಿ ದೊಡ್ಡ ಸಂಚು ಬಯಲು, ಇಂಧನದ ಡಬ್ಬಿ, ಒಬ್ಬರೂ ಉಳಿಯಬಾರದು ಎಂಬ ಆದೇಶ, ಎಣ್ಣಿ ಇಂಧನವಾಗಿತ್ತು, ಒಂದೂ ಎಂಬುದು ಒಬ್ಬರೂ ಆಗಿತ್ತು, ನನ್ನ ಗೆರೆಯ ಕೆಳಗಿನ ಸಾಲುಗಳು ಎಲ್ಲಿಯೂ ಇರಲಿಲ್ಲ. ಓಡಿ ಹೋಗಿ ಕೇಳಿದೆ, ಸರ್, ನಾನು ಬರೆದದ್ದು — ಅವರು ಫೈಲಿನಿಂದ ತಲೆ ಎತ್ತಲಿಲ್ಲ, ನೀನು ಕೇಳಿದ್ದನ್ನು ಬರೆಯಬೇಕಿತ್ತು, ಅರ್ಥ ಹೇಳುವುದು ನಮ್ಮ ಕೆಲಸ, ಹೈದರಾಬಾದಿನವರಿಗೆ ನಿಮ್ಮ ಹಳ್ಳಿಯ ಮಾತು ಹೇಗೆ ತಿಳಿಯಬೇಕು ಹೇಳು, ನಾನು ನಂಬಿದೆ, ಭಾಷೆ ತಿಳಿಯದೆ ಆದ ತಪ್ಪು, ತಿಳಿಸಿದರೆ ಸರಿಹೋಗುತ್ತದೆ ಎಂದು ಎರಡು ಅರ್ಜಿ ಬರೆದೆ, ಎರಡಕ್ಕೂ ಉತ್ತರ ಬರಲಿಲ್ಲ.

ಕಾಕಾನನ್ನು ಹಿಡಿದ ನಲವತ್ತೊಂದು ದಿನದ ಮೇಲೆ ಪೆಟ್ಟಿಗೆಗಳು ನಾರಾಯಣಖೇಡಿನ ಹತ್ತಿರ ಸಿಕ್ಕವು, ಬಂಡೆ ಸಿಡಿಸಿ ಬಾವಿ ತೋಡುವವರ ಕೊಟ್ಟಿಗೆಯಲ್ಲಿ, ಆ ಕಾವಲುಗಾರನೇ ಮಾರಿದ್ದ, ಸಂಚೂ ಇಲ್ಲ ಗಿಂಚೂ ಇಲ್ಲ, ಜಪ್ತಿಗೆ ನನ್ನನ್ನೂ ಕರೆದೊಯ್ದಿದ್ದರು, ಪಂಚನಾಮೆ ಬರೆಯುವತನಕ ಸಂಜೀವ ಸರ್ ಪಕ್ಕದ ಹೊಲದ ಬದುವಿನ ಮೇಲೆ ಒಬ್ಬ ಮುದುಕನ ಜೊತೆ ಕೂತಿದ್ದರು, ನಾನು ನೀರಿನ ಬಾಟಲಿ ಕೊಡಲು ಹೋದೆ, ಅವರ ಬೆನ್ನು ನನ್ನ ಕಡೆ, ಅವರು ತೊಗರಿಯ ಕಾಯಿ ಬಿಡಿಸಿ ನೋಡುತ್ತ ಮುದುಕನನ್ನು ಕೇಳುತ್ತಿದ್ದರು, ಈ ವರ್ಷ ಎಣ್ಣಿ ಎಷ್ಟ್ ಸಲ ಹೊಡದ್ರಿ ಯಜಮಾನ್ರ? — ನಮ್ಮ ಮಾತು, ನಮ್ಮದೇ ರಾಗ, ಮುದುಕ ಹೇಳಿದ, ನೀನು ಸೋಮಶೇಖರನ ಮಗ ಅಲ್ಲೇನಪ್ಪ, ಇದೇ ನಾರಾಯಣಖೇಡಿನ್ಯಾಗ ಬೆಳದಾಂವ — ಬಾಟಲಿ ಹಿಡಿದು ಅಲ್ಲೇ ನಿಂತೆ, ಅವರು ತಿರುಗಿದರು, ನನ್ನನ್ನು ನೋಡಿದರು, ತೆಲುಗಿನಲ್ಲಿ ಥ್ಯಾಂಕ್ಸ್ ಅಮ್ಮಾ ಎಂದರು. ಗೊತ್ತಿತ್ತು, ಮೊದಲ ದಿನದಿಂದ ಗೊತ್ತಿತ್ತು, ಎಣ್ಣಿ ಎಂದರೇನು ಎಂದು ನನ್ನಷ್ಟೇ ಗೊತ್ತಿತ್ತು, ಅವರಿಗೆ ಬೇಕಾಗಿದ್ದದ್ದು ನನ್ನ ಭಾಷೆಯಲ್ಲ, ಪರಿಚಯದವಳೊಬ್ಬಳ ಸಹಿ, ಅದನ್ನು ನಾನೇ ಎದ್ದು ಹೋಗಿ ಕೊಟ್ಟಿದ್ದೆ, ಕಾಕಾನನ್ನು ಉಳಿಸುತ್ತೇನೆಂದು.

ಕಾಕಾ ಮನೆಗೆ ಬಂದು ತಿಂಗಳಾಯಿತು, ಯಾರೂ ತಪ್ಪಾಯಿತು ಎನ್ನಲಿಲ್ಲ, ಟಿವಿಯವರು ಬಿಡುಗಡೆಯ ಸುದ್ದಿ ಹಾಕಲಿಲ್ಲ, ನನಗೊಂದು ಪ್ರಶಂಸಾಪತ್ರ ಬಂತು, ಭಾಷಾ ಸಹಾಯಕ್ಕಾಗಿ, ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಇವತ್ತು ರಜೆ ಹಾಕಿ ಊರಿಗೆ ಹೋದೆ, ಕಾಕಿ ಬಾಗಿಲಲ್ಲಿ ನೋಡಿ ಒಳಗೆ ಹೋದಳು, ಕಾಕಾ ಮಂಚದ ಮೇಲೆ ಕೂತಿದ್ದ, ಗಡ್ಡ ಬೆಳ್ಳಗಾಗಿದೆ, ಬಾ ಎಂದ, ಆ ಗಂಟಲಿಲ್ಲ, ಪಕ್ಕದ ಕೋಣೆಗೂ ಕೇಳದಷ್ಟು ಸಣ್ಣ ದನಿ. ನಾನು ಹೇಳಿಬಿಟ್ಟೆ, ಕಾಕಾ, ನಿನ್ನ ಧ್ವನಿ ಗುರ್ತ ಹಿಡ್ದಾಕಿ ನಾನು. ಅವನು ನೆಲ ನೋಡುತ್ತ, ಗೊತ್ತದವಾ, ಎರಡನೇ ದಿನಾನೆ ಆ ಹಾಳಿ ತೋರ್ಸಿದ್ರು, ನಿನ್ನ ಸಹಿ ಇತ್ತು, ನಮ್ಮ ವಾಣಿ ಅಕ್ಷರ ಭಾಳ ಛಂದ ಅದಾವ ಅಂದೆ ಅವ್ರಿಗೆ, ಎಂದ. ಕೆಳಗೆ ಬರೆದದ್ದನ್ನು ಹೇಳಬೇಕು, ಗೆರೆಯ ಕೆಳಗೆ ಹುಳ ಎಂದು ಬರೆದಿದ್ದೆ ಕಾಕಾ, ಬಾಯಿ ತೆರೆದೆ, ಅವನೂ ಏನೋ ಹೇಳಲು ತೆರೆದ, ಅಷ್ಟರಲ್ಲಿ ನನ್ನ ಬ್ಯಾಗಿನಲ್ಲಿ ಫೋನ್ ರಿಂಗಾಯಿತು, ಸಂಜೀವ ಸರ್, ಕಾಕಾ ಪಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ, ಗಟ್ಟಿಯಾಗಿ, ಬೆರಳಿನ ಗುರುತು ಕೆನ್ನೆಯಲ್ಲಿ ಮೂಡುವಷ್ಟು, ಕಟ್ ಮಾಡಿದೆ, ಕಾಕಾ, ನಿಂತಿತು, ಹೇಳು — ತೆಗೆಯಲಿಲ್ಲ, ಸ್ವಿಚ್ ಆಫ್ ಮಾಡಿ ತೋರಿಸಿದೆ, ತೆಗೆಯಲಿಲ್ಲ, ಕಾಕಿ ಬಂದು ನೋಡಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು, ನಾನು ಹೊಸ್ತಿಲು ದಾಟುವಾಗಲೂ ತಿರುಗಿ ನೋಡಿದೆ, ಈಗ ಬಸ್ಸು ನಿಂತಿದೆ, ಜನ ಇಳಿಯುತ್ತಿದ್ದಾರೆ, ಜಹೀರಾಬಾದ್ ಇರಬೇಕು, ಏಳಬೇಕು, ಆ ಕೈ ಬಾಯಿಯ ಮೇಲೆ, ಕಂಡಕ್ಟರ್ ಏನೋ ಕೇಳುತ್ತಿದ್ದಾನೆ, ಇಳೀತೀರೇನ್ರಿ, ಆ ಕೈ, ಬಾಯಿಯ ಮೇಲೆ, ಆ ಕೈ —